ಅಮ್ಮನಿಲ್ಲದ ಪಂಕ್ತಿ

ಪೀಣ್ಯ
2 ಜನವರಿ 1983

ಅತ್ತಿಗೆಯವರಿಗೆ, ನಾಗಲಕ್ಷ್ಮಿಯ ನಮಸ್ಕಾರ.

ನಿಮ್ಮ ತಮ್ಮನವರ ಜೊತೆ ಒಂಬತ್ತು ವರ್ಷ ಸಂಸಾರ ಮಾಡಿದರೂ ನನ್ನ ಹೆಸರಿನಲ್ಲಿ ನಿಮಗೆ ಒಂದು ಸಾಲು ಬರೆದವಳಲ್ಲ. ಅವರು ತೀರಿಕೊಂಡು ಐದು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಕ್ರಿಸ್‌ಮಸ್ ದಿನ ನಿಮ್ಮ ಚರ್ಚಿನಲ್ಲಿ ನಡೆದ ವಿಷಯಕ್ಕೆ. ಜಗಳಕ್ಕಲ್ಲ, ತಿಳಿದುಕೊಳ್ಳುವುದಕ್ಕೆ.

ಅಪ್ಪನ ಊರಿನ ಚರ್ಚಿನಲ್ಲೇ ಹಬ್ಬ ಮಾಡಬೇಕೆಂದು ಸೆಲೀನಾ ಹಠ ಹಿಡಿದಳು. ಅವಳಿಗೀಗ ಎಂಟು, ಇನ್ನಾಸಿಗೆ ಐದು. ಬೆಳಗಿನ ಜಾವ ಎದ್ದು ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಾಯಿಸಿ ಬೇಗೂರಿಗೆ ಬಂದೆವು. ಅವರಿದ್ದಾಗ ಭಾನುವಾರದ ಪೂಜೆಗೆ ಮಕ್ಕಳನ್ನು ಅವರೇ ಕರೆದುಕೊಂಡು ಹೋಗುತ್ತಿದ್ದರು. ನಾನು ಮನೆಯಲ್ಲಿ ಅಡುಗೆ ನೋಡಿಕೊಳ್ಳುತ್ತಿದ್ದೆ. ಆದ್ದರಿಂದ ನನಗೆ ಒಳಗಿನ ಪದ್ಧತಿ ಏನೂ ಗೊತ್ತಿಲ್ಲ. ಎಲ್ಲರೂ ಎದ್ದು ಪ್ರಸಾದಕ್ಕೆ ಸಾಲಾಗಿ ಹೊರಟಾಗ ನಾನೂ ಎದ್ದೆ. ನಮ್ಮ ಕಡೆ ಪ್ರಸಾದ ಕೊಡುವಾಗ ಕೂತೇ ಇದ್ದರೆ ದೇವರಿಗೆ ಅವಮಾನ ಮಾಡಿದ ಹಾಗೆ. ಇನ್ನಿಬ್ಬರು ಮುಂದಿದ್ದಾಗ ನೀವು ಬಂದು ನನ್ನ ರಟ್ಟೆ ಹಿಡಿದು ಎಳೆದಿರಿ. "ಇದು ನಿಂಗಲ್ಲ, ಆಚೆ ಓಗು" ಅಂದಿರಿ. ಪಕ್ಕದ ಬೆಂಚಿನ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಇನ್ನಾಸಿ ಕೇಳಿದ: "ಅಮ್ಮ, ಆ ಅತ್ತೆ ಯಾಕೆ ಬೈದ್ರು? ನಮ್ದು ಬಟ್ಟೆ ಚೆನ್ನಾಗಿರ್ಲಿಲ್ವಾ?" ಹೌದು ಅಂದುಬಿಟ್ಟೆ. ತಪ್ಪು ಬಟ್ಟೆಯದು ಅಂತ ಅವನು ತಿಳಿದುಕೊಂಡರೆ ಸಾಕು ಅನ್ನಿಸಿತು.

ನಾನು ಈಗಲೂ ಪೀಣ್ಯದ ರಾಮಾಂಜಿನಪ್ಪನ ಮಗಳೇ, ನಮ್ಮ ಮನೆದೇವರು ನರಸಿಂಹಸ್ವಾಮಿಯೇ. ಆದರೆ ಮದುವೆಯ ದಿನ ಇಲ್ಲಿಯ ಚರ್ಚಿನಲ್ಲಿ ಸ್ವಾಮಿಗಳ ಎದುರು ಮಾತು ಕೊಟ್ಟಿದ್ದೇನೆ, ಹುಟ್ಟುವ ಮಕ್ಕಳನ್ನು ಅವರ ಧರ್ಮದಲ್ಲೇ ಬೆಳೆಸುತ್ತೇನೆ ಎಂದು. ಮಾತು ಕೊಡಿಸಿಕೊಂಡವರು ಹೋದರು, ಕೊಟ್ಟವಳು ಇದ್ದೇನೆ. ನೀವು ಶಾಲೆಯ ಟೀಚರು, ಮೂವತ್ತು ವರ್ಷದಿಂದ ಮಕ್ಕಳಿಗೆ ಚರ್ಚಿನ ಜ್ಞಾನೋಪದೇಶವನ್ನೂ ಕಲಿಸುವವರು ಎಂದು ಅವರು ಹೇಳುತ್ತಿದ್ದರು. ಯಾವಾಗ ಏಳಬೇಕು, ಯಾವಾಗ ಮಂಡಿಯೂರಬೇಕು, ಯಾವುದಕ್ಕೆ ಹೋಗಬಾರದು, ಒಂದು ಕಾಗದದಲ್ಲಿ ಬರೆದು ಕಳಿಸಿ. ನನ್ನಿಂದ ಮಕ್ಕಳು ಇನ್ನೊಮ್ಮೆ ತಲೆ ತಗ್ಗಿಸುವ ಹಾಗೆ ಆಗಬಾರದು.

ಅತ್ತೆಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ತಿಳಿಸಬಹುದು ಅನ್ನಿಸಿದರೆ.

ಇತಿ,
ನಾಗಲಕ್ಷ್ಮಿ


ಬೇಗೂರು
19 ಜನವರಿ 1983

ನಾಗಲಕ್ಷ್ಮಮ್ಮನಿಗೆ,

ನಿನ್ನ ಪತ್ರ ತಲುಪಿತು. ಕೇಳಿದ್ದನ್ನು ಬರೆದಿದ್ದೇನೆ.

ಒಳಗೆ ಹೋಗುವಾಗ ತೀರ್ಥದಲ್ಲಿ ಬೆರಳದ್ದಿ ಶಿಲುಬೆಯ ಗುರುತು ಹಾಕಬೇಕು. ಬಲಗೈ. ಹಣೆ, ಎದೆ, ಎಡ ಭುಜ, ಬಲ ಭುಜ. ಶುಭಸಂದೇಶ ಓದುವಾಗ ನಿಲ್ಲಬೇಕು. ಸ್ವಾಮಿಗಳು ಪ್ರಸಂಗ ಮಾಡುವಾಗ ಕೂರಬೇಕು. ಸ್ವಾಮಿಗಳು ರೊಟ್ಟಿಯನ್ನೂ ಬಟ್ಟಲನ್ನೂ ಎತ್ತಿ ಹಿಡಿದಾಗ ಗಂಟೆ ಬಾರಿಸುತ್ತಾರೆ. ಆಗ ಮಂಡಿಯೂರಿ ಸುಮ್ಮನಿರಬೇಕು. ಪರಮಪ್ರಸಾದ ಜ್ಞಾನಸ್ನಾನ ಪಡೆದವರಿಗೆ, ಅವರಲ್ಲೂ ಉಪದೇಶ ಕಲಿತು ಪಾಪನಿವೇದನೆ ಮಾಡಿದವರಿಗೆ. ಮಕ್ಕಳು ಇನ್ನೂ ತೆಗೆದುಕೊಳ್ಳುವಂತಿಲ್ಲ. ನೀನು ಯಾವತ್ತೂ ಇಲ್ಲ.

ಅಲ್ಲಿಯ ಚರ್ಚಿನ ಸಿಸ್ಟರ್ ಹತ್ತಿರ ಸೆಲೀನಾಳ ಹೆಸರು ಬರೆಸು.

ಅಮ್ಮನಿಗೆ ಕಣ್ಣು ಮಂಜಾಗಿದೆ. ಉಳಿದಂತೆ ಆರೋಗ್ಯ.

ಲೂರ್ದಮ್ಮ


ಪೀಣ್ಯ
20 ಫೆಬ್ರವರಿ 1983

ಅತ್ತಿಗೆಯವರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದೇನೆ. ಶನಿವಾರ ಪ್ಯಾಕಿಂಗ್ ಕೆಲಸ ಮುಗಿಸಿ ಬಂದ ಮೇಲೆ ಮೂವರೂ ಗೋಡೆಯ ಕಡೆ ತಿರುಗಿ ಅಭ್ಯಾಸ ಮಾಡುತ್ತೇವೆ. ನಮ್ಮಪ್ಪ ಬಾಗಿಲಲ್ಲಿ ಕೂತು ನೋಡುತ್ತಾರೆ. "ಬಸ್ಕಿ ಒಡ್ಸೋದು ನಿಂತ್ಮ್ಯಾಕೆ ಊಟಕ್ ಇಕ್ಕು" ಅನ್ನುತ್ತಾರೆ. ಆದರೂ ಭಾನುವಾರ ಇನ್ನಾಸಿಯನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಚರ್ಚಿನ ಗೇಟಿನ ತನಕ ಬಿಡುವವರು ಅವರೇ.

ಮೂರು ವಾರದ ಹಿಂದೆ ಒಂದು ಅವಮಾನವಾಯಿತು. ಸ್ವಾಮಿಗಳು ರೊಟ್ಟಿ ಎತ್ತಿ ಹಿಡಿದರು, ಗಂಟೆ ಬಾರಿಸಿದರು. ಎಲ್ಲರೂ ತಲೆ ಬಗ್ಗಿಸಿರುವಾಗ ಇನ್ನಾಸಿ, "ಅಮ್ಮ, ಐಸ್ ಕ್ಯಾಂಡಿ ಬಂತು!" ಅಂತ ಕೂಗಿದ. ಎತ್ತಿಕೊಂಡು ಆಚೆ ಓಡಿದೆ. ಅಲ್ಲಿ ಅವನ ತೊಡೆಗೆ ಜಿಗುಟಿದೆ, ಕೆಂಪಗಾಗುವಷ್ಟು. ಅವನು ಅಳಲಿಲ್ಲ. "ಇವತ್ತೂ ಬಟ್ಟೆ ಸರಿಯಿಲ್ವಾ?" ಅಂತ ಕೇಳಿದ. ಅದಾದ ಮೇಲೆ ಕೊನೆಯ ಬೆಂಚಿನಲ್ಲಿ ಬಾಗಿಲ ಪಕ್ಕ ಕೂರುತ್ತಿದ್ದೇವೆ, ಬೇಗ ಆಚೆ ಹೋಗಲು ಅನುಕೂಲ ಎಂದು. ಅವನಿಗೆ ಅಲ್ಲಿಂದ ಏನೂ ಕಾಣುವುದಿಲ್ಲ, ಇನ್ನೂ ಜಾಸ್ತಿ ಒದ್ದಾಡುತ್ತಾನೆ.

ಸೆಲೀನಾಳದು ಬೇರೆ ಕಷ್ಟ. ಮೇ ತಿಂಗಳಲ್ಲಿ ಅವಳಿಗೆ ಮೊದಲ ಪ್ರಸಾದ. ಸಿಸ್ಟರ್ ಚೆನ್ನಾಗಿ ಕಲಿಸುತ್ತಾರೆ. ಪೂಜೆಯೆಂದರೆ ದೇವರ ಮನೆಯ ಊಟ, ಮನೆಮಂದಿಯೆಲ್ಲ ಒಟ್ಟಿಗೆ ಕೂರುವ ಪಂಕ್ತಿ ಎಂದು ಹೇಳಿದರಂತೆ. ಇವಳು ಮನೆಗೆ ಬಂದು, "ಅಮ್ಮ ಬರ್ದೇ ಇರೋ ಪಂಕ್ತೀಲಿ ನಾನ್ ಕೂತ್ಕೊಳಲ್ಲ" ಅಂದಳು. ಸಿಸ್ಟರಿಗೂ ಹಾಗೇ ಹೇಳಿದ್ದಾಳೆ. ಅವರು ನನ್ನನ್ನು ಕರೆಸಿ, "ನೀವೇ ಮಗುಗೆ ಹಿಂಗೆ ಹೇಳ್ಕೊಟ್ರಾ?" ಎಂದು ಕೇಳಿದರು. ಕಲಿಸಲೆಂದು ಹೊರಟವಳು ನಾನು, ಅಡ್ಡ ಬಂದವಳೂ ನಾನೇ ಆದೆ.

ಅವಳಿಗೆ ಏನು ಹೇಳಲಿ?

ನಾಗಲಕ್ಷ್ಮಿ


ಬೇಗೂರು
3 ಮಾರ್ಚ್ 1983

ನಾಗಲಕ್ಷ್ಮಿಗೆ,

ಐಸ್ ಕ್ಯಾಂಡಿಯ ವಿಷಯ ಓದಿ ನಕ್ಕುಬಿಟ್ಟೆ. ಅಮ್ಮ ಒಳಗಿನಿಂದ, "ಯಾಕೆ ನಗ್ತಿದೀಯ?" ಎಂದು ಕೇಳಿದಳು. ಶಾಲೆಯ ಮಕ್ಕಳದು ಎಂದೆ.

ಜಿಗುಟಬೇಡ. ನಾನು ಮೂವತ್ತು ವರ್ಷ ಜಿಗುಟಿದ್ದೇನೆ, ಬೆತ್ತವನ್ನೂ ಹಿಡಿದಿದ್ದೇನೆ. ಮಕ್ಕಳು ಸುಮ್ಮನಾಗುತ್ತಾರೆ, ಅಷ್ಟೇ. ಇನ್ನಾಸಿಯನ್ನು ಹಿಂದೆ ಕೂರಿಸಬೇಡ, ಮುಂದೆ ಕೂರಿಸು. ಹಿಂದೆ ಕೂತ ಮಗುವಿಗೆ ದೊಡ್ಡವರ ಬೆನ್ನೇ ಪೂಜೆ. ಮುಂದೆ ಏನು ನಡೆಯುತ್ತದೆಂದು ಕಿವಿಯಲ್ಲಿ ಮೊದಲೇ ಹೇಳು: ಈಗ ಗಂಟೆ ಬಾರಿಸುತ್ತಾರೆ ನೋಡು, ಈಗ ನಾವೆಲ್ಲ ಹಾಡುತ್ತೇವೆ ನೋಡು. ಕಾಣಿಕೆ ಅವನ ಕೈಯಿಂದಲೇ ಹಾಕಿಸು. ಕೈಗೆ ಕೆಲಸವಿರಲಿ. ಮನೆಯಲ್ಲಿ ದಿನಾ ಸಂಜೆ ಒಂದೇ ಹೊತ್ತಿಗೆ ದೀಪ ಹಚ್ಚಿ ಐದು ನಿಮಿಷ ಜಪ. ಸೆಲೀನಾ ಹೇಳಿಕೊಡಲಿ, ಅವನು ಹಿಂದೆ ಹೇಳಲಿ. ನೀನೂ ಜೊತೆಗೆ ಹೇಳಿದರೆ ನಿನ್ನ ದೇವರು ಬೇಸರ ಮಾಡಿಕೊಳ್ಳುವುದಿಲ್ಲ ಎಂದುಕೊಂಡಿದ್ದೇನೆ.

ನನ್ನ ತಮ್ಮ ಚೌರಿಗೂ ಹೀಗೆಯೇ ಕಲಿಸಿದ್ದು. ಅವನು ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಅಪ್ಪ ಹೋದಾಗ ಅವನಿಗೆ ಇನ್ನಾಸಿಯ ವಯಸ್ಸು. ನನ್ನ ಸೊಂಟದ ಮೇಲೆ ಕೂತೇ ಜಪ ಕಲಿತ. ನಡುವೆ ನಿದ್ದೆ ಬಂದರೆ, "ಮಿಕ್ಕಿದ್ದು ನೀನೇ ಯೋಳಕ್ಕ" ಎಂದು ನನ್ನ ಭುಜಕ್ಕೆ ಒರಗುತ್ತಿದ್ದ. ಅಂಥವನು ನನ್ನನ್ನು ಒಂದು ಮಾತೂ ಕೇಳದೆ ಮದುವೆಯಾದ ಎಂಬುದೇ ನನಗೆ ದೊಡ್ಡದಾಯಿತು.

ಸೆಲೀನಾಳ ಮಾತಿಗೆ ಬರುತ್ತೇನೆ. ಕಟ್ಟಳೆ ಗೊತ್ತು. ಅದು ಅವಳು ಕೇಳಿದ್ದಕ್ಕೆ ಉತ್ತರವಲ್ಲ. ನಿಮ್ಮ ಸ್ವಾಮಿಗಳನ್ನೇ ನೇರವಾಗಿ ಕೇಳು: ಪ್ರಸಾದ ಬೇಡ, ಮಗಳ ಪಕ್ಕದಲ್ಲಿ ನಡೆದುಕೊಂಡು ಬರಲೇ ಎಂದು. ತಲೆ ತಗ್ಗಿಸಿ ಕೇಳಬೇಡ.

ಕ್ರಿಸ್‌ಮಸ್ ದಿನ ನಿನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಬಹುದಿತ್ತು.

ಇನ್ನೊಂದು ವಿಷಯ ಬರೆಯಬೇಕೆಂದಿದ್ದೆ. ಶಾಲೆಗೆ ಹೊತ್ತಾಯಿತು.

ಲೂರ್ದಮ್ಮ


ಬೇಗೂರು
30 ಮಾರ್ಚ್ 1983

ನಾಗಲಕ್ಷ್ಮಿಗೆ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಇದು ಪವಿತ್ರ ವಾರ. ನಿನ್ನೆ ಪಾಪನಿವೇದನೆಗೆ ಹೋಗಿದ್ದೆ. ಸ್ವಾಮಿಗಳಿಗೆ ಹೇಳಿದೆ, ಅವರು ಪ್ರಾಯಶ್ಚಿತ್ತಕ್ಕೆ ಒಂದು ಜಪಸರ ಹೇಳಿ ಎಂದರು. ಎಷ್ಟು ಸುಲಭವಾಗಿ ಮುಗಿಯಿತೆಂದರೆ ಮನೆಗೆ ನಡೆದು ಬರುವಾಗ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಹೇಳಬೇಕಾದವರಿಗೆ ಹೇಳದೆ, ಹೇಳಿದರೆ ಏನೂ ಆಗದವರಿಗೆ ಹೇಳಿ ಬಂದಿದ್ದೆ.

ಹೋದ ವರ್ಷ ಜುಲೈನಲ್ಲಿ ಚೌರಿ ಆಸ್ಪತ್ರೆಯಿಂದ ನನಗೊಂದು ಪತ್ರ ಕಳಿಸಿದ್ದ. ಕಾಮಾಲೆ ಜಾಸ್ತಿಯಾಗಿದೆ, ಅಮ್ಮನನ್ನು ಒಂದು ಸಲ ಕರೆದುಕೊಂಡು ಬಾ, ಅವಳ ಮಡಿಲಲ್ಲಿ ತಲೆಯಿಡಬೇಕು ಎಂದಿದ್ದ. ನನಗೆ ಕಲಿಸಿದ ಹಾಗೆ ನನ್ನ ಮಕ್ಕಳಿಗೂ ಜಪ ಕಲಿಸು, ನಾಗಲಕ್ಷ್ಮಿಗೆ ಆಸೆಯಿದೆ ಆದರೆ ದಾರಿ ಗೊತ್ತಿಲ್ಲ ಎಂದಿದ್ದ.

ಬಾಗಿಲಲ್ಲೇ ನಿಂತು ಓದಿದೆ. ಅಮ್ಮ, "ಯಾರ್ದೇ ಕಾಗ್ದ?" ಎಂದಳು. "ಸ್ಕೂಲಿಂದು" ಎಂದೆ. ಸೀರೆಗಳ ಕೆಳಗೆ ಟ್ರಂಕಿನಲ್ಲಿ ಇಟ್ಟೆ. ಒಂಬತ್ತು ವರ್ಷ ನಮ್ಮನ್ನು ಕಾಯಿಸಿದ್ದಾನೆ, ಎರಡು ವಾರ ಅವನೂ ಕಾಯಲಿ, ಆಮೇಲೆ ಹೋದರಾಯಿತು ಎಂದುಕೊಂಡೆ. ಕಾಮಾಲೆ ತಾನೇ, ಪಥ್ಯ ಮಾಡಿದರೆ ವಾಸಿಯಾಗುತ್ತದೆ ಎಂದುಕೊಂಡೆ. ಹನ್ನೊಂದನೆಯ ದಿನ ಅವನು ಹೋದ ಸುದ್ದಿ ಬಂತು.

ಮಣ್ಣಿಗೆ ಬಂದಾಗ ಅಮ್ಮನನ್ನು ನಿಮ್ಮ ಹತ್ತಿರ ಬಿಡದೆ ಹಾಗೆಯೇ ಬಸ್ಸು ಹತ್ತಿಸಿದ್ದು ಅದಕ್ಕೇ. ನೀನು ಪತ್ರದ ಮಾತು ಎತ್ತಿಬಿಟ್ಟರೆ ಎಂಬ ಭಯ. ಅಮ್ಮ ಇವತ್ತಿಗೂ, "ಸಾಯೋವಾಗ್ಲೂ ನನ್ಮಗ ನನ್ನ ಕರೀಲಿಲ್ಲ" ಎನ್ನುತ್ತಾಳೆ. ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತೇನೆ.

ಆ ಪತ್ರದ ಅಕ್ಷರ ಚೌರಿಯದಲ್ಲ. ಜನವರಿಯಲ್ಲಿ ನಿನ್ನ ಮೊದಲ ಪತ್ರ ಬಿಚ್ಚಿದ ತಕ್ಷಣ ಯಾರದೆಂದು ತಿಳಿಯಿತು. ಅವನು ಹೇಳಿದ್ದಾನೆ, ನೀನು ಬರೆದಿದ್ದೀಯ. ಹಾಗಾದರೆ ನಿನಗೆ ಮೊದಲಿನಿಂದಲೂ ಗೊತ್ತು. ಗೊತ್ತಿದ್ದೂ ಕ್ರಿಸ್‌ಮಸ್‌ಗೆ ಮಕ್ಕಳನ್ನು ನನ್ನ ಕಣ್ಣೆದುರು ಕರೆತಂದೆ, ಗೊತ್ತಿದ್ದೂ ನನ್ನನ್ನೇ ದಾರಿ ಕೇಳಿದೆ. ನಾನು ನಿನಗೆ ಬಲಗೈ, ಎಡಭುಜ ಎಂದು ಬರೆದು ಕಳಿಸಿದೆ.

ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ.

ಲೂರ್ದಮ್ಮ


ಪೀಣ್ಯ
24 ಏಪ್ರಿಲ್ 1983

ಅತ್ತಿಗೆಯವರಿಗೆ,

ಹಬ್ಬ ಕಳೆದು ಮೂರು ವಾರವಾಯಿತು. ನಾಲ್ಕು ಸಲ ಬರೆದು ಹರಿದೆ.

ಹೌದು, ಬರೆದವಳು ನಾನೇ. ಅವರಿಗೆ ಕೂರುವುದಕ್ಕೂ ತ್ರಾಣವಿರಲಿಲ್ಲ. ಪೋಸ್ಟ್ ಮಾಡಿದವಳೂ ನಾನೇ. ಆಮೇಲೆ ದಿನಾ ಸಂಜೆ ನಾಲ್ಕು ಗಂಟೆಗೆ, ಆಸ್ಪತ್ರೆಯಲ್ಲಿ ಒಳಗೆ ಬಿಡುವ ಹೊತ್ತಿಗೆ, ಅವರು ಬಾಗಿಲ ಕಡೆಗೆ ಹೊರಳಿ ಮಲಗುತ್ತಿದ್ದರು. "ಬಸ್ ಸಿಕ್ಕಿರಲ್ಲ" ಅನ್ನುತ್ತಿದ್ದರು. ಹತ್ತು ದಿನ ಹಾಗೇ ಅಂದರು.

ಇದನ್ನು ನಿಮಗೆ ತಿಳಿಸಬಾರದೆಂದಿದ್ದೆ. ತಿಳಿಸಬೇಕು ಎಂದು ಈಗ ಅನ್ನಿಸುತ್ತಿದೆ. ನನಗೆ ನಿಮ್ಮ ಮೇಲೆ ಬಹಳ ಕೋಪವಿದೆ. ಮತ್ತೆ ಯಾಕೆ ಬರೆದೆ ಎಂದರೆ, ಅವರು ಯಾರಿಂದ ಕಲಿತರೋ ಅವರಿಂದಲೇ ಮಕ್ಕಳೂ ಕಲಿಯಲಿ ಎಂಬುದು ಅವರ ಆಸೆ. ನನ್ನ ಕೋಪಕ್ಕೆ ಆ ಆಸೆ ಕೆಡಿಸುವ ಹಕ್ಕಿಲ್ಲ ಎಂದುಕೊಂಡೆ.

ಆದರೆ ನನಗೂ ನಾಚಿಕೆಯ ವಿಷಯವೊಂದಿದೆ. ನೀವು ಹೇಳಿದ ಹಾಗೆ ಸಂಜೆ ದೀಪ ಹಚ್ಚಿ ಜಪ ಮಾಡುತ್ತೇವೆ. ಪರಲೋಕದ ತಂದೆಯ ಜಪದಲ್ಲಿ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುತ್ತೇವೆ ಎಂದು ಬರುತ್ತದಲ್ಲ, ಅಲ್ಲಿ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ಮಕ್ಕಳ ಎದುರು ದೇವರಿಗೆ ಸುಳ್ಳು ಹೇಳುವುದು ಬೇಡವೆಂದು. ಸೆಲೀನಾ ಹೋದ ವಾರ ಕಂಡುಹಿಡಿದಳು. "ಅಮ್ಮ, ನೀನ್ಯಾಕೆ ದಿನಾ ಅದೊಂದೇ ಬಿಟ್ಬಿಡ್ತೀಯ? ಮರ್ತೋಗುತ್ತಾ?" ಎಂದಳು. ಮರೆತುಹೋಗುತ್ತೆ ಎಂದೆ. ಪಾಪ, ಈಗ ಆ ಸಾಲು ಬಂದಾಗ ಅವಳು ನಿಧಾನ ಮಾಡಿ, ನನ್ನ ಮುಖ ನೋಡಿಕೊಂಡು, ಬಿಡಿಸಿ ಬಿಡಿಸಿ ಹೇಳಿಕೊಡುತ್ತಾಳೆ.

ನನ್ನನ್ನು ಕ್ಷಮೆ ಕೇಳುವ ಮೊದಲು ಅತ್ತೆಮ್ಮನಿಗೆ ಹೇಳಿ. ಮಗ ಕರೆದಿದ್ದ ಎಂದು ಅವರಿಗೆ ಗೊತ್ತಾಗಬೇಕು. ನಾನು ಬಂದು ಹೇಳುವುದು ಸರಿಯಲ್ಲ. ನೀವೇ ಹೇಳಬೇಕು.

ಸ್ವಾಮಿಗಳನ್ನು ಕೇಳಿದೆ. ಮಗಳ ಜೊತೆ ನಡೆದು ಬನ್ನಿ, ಅವಳಿಗೆ ಪ್ರಸಾದ, ನಿಮಗೆ ಆಶೀರ್ವಾದ ಎಂದರು. ಸೆಲೀನಾ ಒಪ್ಪಿದ್ದಾಳೆ. ಮೇ 22, ಭಾನುವಾರ.

ನಾಗಲಕ್ಷ್ಮಿ


ಬೇಗೂರು
15 ಮೇ 1983

ನಾಗಲಕ್ಷ್ಮಿಗೆ,

ಹೇಳಿದೆ. ಎರಡು ವಾರ ಹಿಂದುಮುಂದು ನೋಡಿ, ಹೋದ ಮಂಗಳವಾರ ಹೇಳಿದೆ.

ಮಧ್ಯಾಹ್ನ ಅಮ್ಮ ಪಡಸಾಲೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಟ್ರಂಕಿನಿಂದ ಪತ್ರ ತಂದು ಎದುರಿಗೆ ಕೂತೆ. ನಡೆದದ್ದನ್ನೆಲ್ಲ ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ. ಕೇಳಿಸಿತೋ ಇಲ್ಲವೋ ಎಂದುಕೊಂಡೆ. ಆಮೇಲೆ, "ಓದು" ಎಂದಳು.

ಓದಿದೆ. "ಇನ್ನೊಂದ್ಸಲ ಓದು" ಎಂದಳು. ಮಡಿಲಲ್ಲಿ ತಲೆಯಿಡಬೇಕು ಎಂಬ ಕಡೆ ಪತ್ರ ಕೆಳಗಿಟ್ಟೆ. "ನಿಲ್ಲಿಸ್ಬ್ಯಾಡ, ಓದು" ಎಂದಳು. ಮೂರು ಸಲ ಓದಿಸಿದಳು.

"ಕರ್ದಿದ್ದ" ಎಂದಳು. ಇನ್ನೊಂದು ಹಣ್ಣು ಬಿಡಿಸಿ, "ಒಂಬತ್ ತಿಂಗ್ಳಿಂದ ಸತ್ತೋನ್ ಮ್ಯಾಲೆ ಮುನಿಸ್ಕೊಂಡಿದೀನಲ್ಲೇ ಲೂರ್ದಿ. ಸತ್ತೋನ್ ಮ್ಯಾಲೆ." ಅಷ್ಟೇ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ.

ಅವತ್ತಿನಿಂದ ನನ್ನ ಕೈಯ ಅಡುಗೆ ಮುಟ್ಟುತ್ತಿಲ್ಲ. ಸರಿಯಾಗಿ ಕಾಣದ ಕಣ್ಣಿನಲ್ಲಿ ಒಲೆ ಹಚ್ಚಿ ತಾನೇ ಮುದ್ದೆ ತಿರುವಿಕೊಳ್ಳುತ್ತಾಳೆ. ನೆರೆಮನೆಯ ಅಂಜಿನಮ್ಮ, "ಯಾಕ್ ಮರಿಯಮ್ಮಾರೇ, ಮಗ್ಳಿಲ್ವಾ?" ಎಂದು ಕೇಳಿದಳು. ಅಮ್ಮ, "ಅವಳ್ಗೆ ಕೆಲ್ಸ ಜಾಸ್ತಿ" ಎಂದಳು. ನನ್ನ ಮಾನ ಕಾಯ್ದಳು. ಅದನ್ನು ಕೇಳಿಸಿಕೊಂಡು ಬಚ್ಚಲಿಗೆ ಹೋಗಿ ಅತ್ತೆ.

ಸೆಲೀನಾಳ ಮೊದಲ ಪ್ರಸಾದ 22ನೇ ತಾರೀಕು ಎಂದು ಅಮ್ಮನಿಗೆ ಹೇಳಿದೆ. "ಓಗ್ತೀನಿ. ನೀನ್ ಬರ್ಬ್ಯಾಡ" ಎಂದಳು. ಅಂಜಿನಮ್ಮ ಪೀಣ್ಯದ ತನಕ ಜೊತೆಗೆ ಬಂದು ಬಿಟ್ಟು ಹೋಗುತ್ತಾಳೆ. ಶನಿವಾರ ಮಧ್ಯಾಹ್ನದ ಬಸ್ಸು. ಅಮ್ಮನಿಗೆ ಮೆಟ್ಟಿಲು ಕಾಣುವುದಿಲ್ಲ, ಕೈ ಹಿಡಿದು ಇಳಿಸಿಕೋ. ಮಾತ್ರೆ ಚೀಲದಲ್ಲಿದೆ.

ನಾನು ಬರುವುದಿಲ್ಲ. ಮಗುವಿಗೆ ಅತ್ತೆ ಆಶೀರ್ವಾದ ಹೇಳಿದ್ದಾಳೆ ಎಂದು ತಿಳಿಸು. ಬೇಡವೆನ್ನಿಸಿದರೆ ಬಿಡು.

ಲೂರ್ದಮ್ಮ


ಪೀಣ್ಯ
25 ಮೇ 1983

ಅತ್ತಿಗೆ,

ಅತ್ತೆಮ್ಮ ಕ್ಷೇಮವಾಗಿದ್ದಾರೆ. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾರೆ. ಶಾಲೆ ಶುರುವಾಗುವ ತನಕ ಇಲ್ಲೇ ಇರುತ್ತೇನೆಂದು ಅವರೇ ಹೇಳಿದರು.

ಬಸ್ಸಿನಿಂದ ಇಳಿಸಿಕೊಂಡಾಗ ನನ್ನ ಜೊತೆ ಮಾತಾಡಲಿಲ್ಲ. ಮನೆಗೆ ಬಂದು ಚಾಪೆಯ ಮೇಲೆ ಕೂತು ಮಕ್ಕಳ ಮುಖವನ್ನು ಎರಡೂ ಕೈಯಿಂದ ತಡವಿ ನೋಡಿದರು. ಇನ್ನಾಸಿಯ ಕಿವಿ ಮುಟ್ಟಿ, "ಇದು ನಮ್ಮ ಮನೆ ಕಿವಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಅವನು ಏನೇನ್ ಅಂದ, ಯೋಳವ್ವ" ಎಂದರು. ಎಲ್ಲವನ್ನೂ ಹೇಳಿದೆ. ಬಾಗಿಲ ಕಡೆಗೆ ಹೊರಳುತ್ತಿದ್ದದ್ದು ಮಾತ್ರ ಹೇಳಲಿಲ್ಲ.

ಭಾನುವಾರ ಮುಂದೆಯೇ, ಎರಡನೆಯ ಬೆಂಚಿನಲ್ಲಿ ಕೂತೆವು. ಇನ್ನಾಸಿ ಎಲ್ಲಿ ಮಾನ ಕಳೆಯುತ್ತಾನೋ ಎಂದು ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಪೂಜೆ ಶುರುವಾದ ಕೂಡಲೇ ಅತ್ತೆಮ್ಮ ಅವನ ಕಿವಿಯಲ್ಲಿ, "ನಂಗೆ ಕಾಣ್ಸಲ್ಲ ಮಗಾ, ಸ್ವಾಮಿ ಏನ್ ಮಾಡ್ತಾವ್ರೆ ನೋಡಿ ಯೋಳು" ಎಂದರು. ಅಷ್ಟೇ. ಮುಕ್ಕಾಲು ಗಂಟೆ ಅವನು ಕಣ್ಣು ಕೀಳಲಿಲ್ಲ. "ಅಜ್ಜಿ, ಪುಸ್ತಕಕ್ಕೆ ಮುತ್ತು ಕೊಟ್ರು. ಅಜ್ಜಿ, ನೀರು ಹಾಕ್ಕೊಂಡು ಕೈ ತೊಳ್ಕೊತಾವ್ರೆ. ಅಜ್ಜಿ, ಬಗ್ಗು, ಈಗ ಗಂಟೆ." ಹಿಂದಿನವರು ಶ್ ಎಂದರು. ಅತ್ತೆಮ್ಮ ತಿರುಗಿ, "ನನ್ ಮೊಮ್ಮಗ ನಂಗೆ ಪೂಜೆ ತೋರಿಸ್ತಾವ್ನೆ" ಎಂದರು.

ಸೆಲೀನಾಳ ಪಕ್ಕ ನಾನು ನಡೆದೆ. ಯಾರಾದರೂ ಹಿಂದಿನಿಂದ ಬಂದು ಹಿಡಿಯುತ್ತಾರೇನೋ ಅನ್ನಿಸುತ್ತಲೇ ಇತ್ತು. ಅವಳು ಪ್ರಸಾದ ತೆಗೆದುಕೊಂಡಳು. ಸ್ವಾಮಿಗಳು ನನ್ನ ತಲೆಯ ಮೇಲೆ ಕೈಯಿಟ್ಟರು. ಬೆಂಚಿಗೆ ಬಂದ ಮೇಲೆ ಅವಳು ಕಣ್ಣು ಮುಚ್ಚಿ ಬಹಳ ಹೊತ್ತು ಕೂತಿದ್ದಳು. ಏನು ಬೇಡಿಕೊಂಡೆ ಎಂದು ನಾನು ಕೇಳಿಲ್ಲ.

ಆಚೆ ಬಂದಾಗ ಇನ್ನಾಸಿ ಒಂದು ವಿಷಯ ಹೇಳಿದ. ಕೊನೆಯ ಹಾಡಿನ ಹೊತ್ತಿನಲ್ಲಿ ಕಿಟಕಿಯಿಂದ ನೋಡಿದನಂತೆ. ಸೈಕಲ್ ನಿಲ್ಲಿಸುವ ಕಡೆ ಒಬ್ಬ ಅತ್ತೆ ತಲೆಯ ಮೇಲೆ ಸೆರಗು ಹಾಕಿಕೊಂಡು ಮಂಡಿಯೂರಿದ್ದರಂತೆ. ಅವನು ಗುರುತು ಹಿಡಿದಿದ್ದಾನೆ. ಓಡಿ ಹೋಗಿ ನೋಡುವಷ್ಟರಲ್ಲಿ ಇರಲಿಲ್ಲವಂತೆ. ನಾನು ಅತ್ತೆಮ್ಮನ ಮುಖ ನೋಡಿದೆ. ಅವರು ಇನ್ನಾಸಿಯ ಕೈ ಹಿಡಿದು ನಡೆದರು. ಮನೆ ಹತ್ತಿರ ಬಂದಾಗ, "ಬೆಳಗ್ಗೆ ಏನಾನ ತಿಂದಿದ್ಲೋ ಇಲ್ವೋ" ಎಂದರು. ಯಾರೆಂದು ಹೇಳಲಿಲ್ಲ.

ಕೋಪ ಪೂರ್ತಿ ಹೋಗಿದೆ ಎಂದು ನಾನು ಬರೆಯುವುದಿಲ್ಲ. ಹೋದ ದಿನ ತಿಳಿಸುತ್ತೇನೆ. ಅಲ್ಲಿಯವರೆಗೆ ಕಾಯಬೇಕಾಗಿಲ್ಲ.

ಭಾನುವಾರ ಪೂಜೆ ಏಳೂವರೆಗೆ. ಮೊದಲ ಬಸ್ಸು ಹಿಡಿದರೆ ಮೆಜೆಸ್ಟಿಕ್‌ನಲ್ಲಿ ಕಾಫಿ ಕುಡಿದು ಬರುವಷ್ಟು ಹೊತ್ತಿರುತ್ತದೆ. ಪ್ರಸಾದಕ್ಕೆ ಮುಂಚೆ ನೀವು ಏನೂ ಕುಡಿಯುವುದಿಲ್ಲವೋ ಏನೋ, ಅದು ನನಗಿನ್ನೂ ಗೊತ್ತಿಲ್ಲ. ಎಡಗಡೆ ಎರಡನೆಯ ಬೆಂಚು ನಮ್ಮದು. ನಾಲ್ಕು ಜನ ಕೂತರೂ ಇನ್ನೊಬ್ಬರಿಗೆ ಜಾಗವಿದೆ. ಆಚೆ ಬರೀ ಜಲ್ಲಿ ಹಾಕಿದ್ದಾರೆ ಅತ್ತಿಗೆ, ಮಂಡಿ ನೋಯುತ್ತದೆ. ಒಳಗೆ ಬನ್ನಿ.

ನಾಗಲಕ್ಷ್ಮಿ